ಕಮಲಾಕ್ಷಮ್ಮನ ಅಪ್ಪಣೆ ಇಲ್ಲದೆ

ಎಲ್ಲರೂ ಕೂತಿರಾ? ಹಾಗಾದರೆ ಕೇಳಿ. ಈ ಕತೆಯಲ್ಲಿ ರಾಜನಿಲ್ಲ, ಏಳು ಸಮುದ್ರವಿಲ್ಲ. ಅರಕಲಗೂಡಿನಲ್ಲಿ ಒಂದು ದೊಡ್ಡ ಅಡುಗೆಮನೆ ಇದೆ, ಅದರ ಮುಂದಿನ ಕೋಣೆಯಲ್ಲಿ ಐದು ಕಂಪ್ಯೂಟರ್ ಇವೆ, ಎರಡರ ಮಧ್ಯೆ ಓಡಾಡುವ ಒಬ್ಬ ಮಗ ಇದ್ದಾನೆ. ಹೆಸರು ವರದರಾಜ. ಊರಿಗೆಲ್ಲ ವರದ. ಅವನ ತಾಯಿ ಕಮಲಾಕ್ಷಮ್ಮ.

ಕಮಲಾಕ್ಷಮ್ಮ ಅಂದರೆ ಸಾಮಾನ್ಯ ಹೆಂಗಸಲ್ಲ. ಅಶ್ವತ್ಥಯ್ಯನವರ ಅಡುಗೆ ಕಂಟ್ರಾಕ್ಟಿನಲ್ಲಿ ಮೂವತ್ತು ವರ್ಷದಿಂದ ಆಕೆಯೇ ಮುಖ್ಯ ಅಡುಗೆಯವರು. ಮದುವೆಯೋ ಮುಂಜಿಯೋ, ನಾಮಕರಣವೋ ತಿಥಿಯೋ, ಸುತ್ತಲ ಹತ್ತು ಹಳ್ಳಿಯ ಎಲೆ ಮೇಲೆ ಬೀಳುವ ಅನ್ನ ಆಕೆಯ ಕೈಯದು. ಆ ಕೈಗೆ ಎದುರಾಡಿದವರಿಲ್ಲ. ಮಗನ ವಿಷಯ ಬಂದರೆ ಮಾತ್ರ ಆ ಕೈ ಹಣೆಗೆ ಹೋಗುತ್ತಿತ್ತು.

ವರದನಿಗೆ ಮೂವತ್ತು ತುಂಬಿದೆ. ಕೆಟ್ಟವನಲ್ಲ, ಸೋಮಾರಿಯಲ್ಲ, ಹೇಳಿದ ಮಾತು ಮೀರುವವನಂತೂ ಅಲ್ಲವೇ ಅಲ್ಲ. ತೊಂದರೆಯೇ ಅದು. "ಹಾಲು ಉಕ್ಕುತ್ತಾ ನೋಡ್ತಿರು" ಅಂದರೆ ನೋಡುತ್ತಿದ್ದ. ಉಕ್ಕಿ ಒಲೆ ಆರಿದ ಮೇಲೆ ಬಂದು "ಉಕ್ತು ಅಮ್ಮ" ಅನ್ನುತ್ತಿದ್ದ. ಜೊತೆಗೆ ಇನ್ನೊಂದು ಗುಣ. ಅವನ ತಲೆಯಲ್ಲಿ ಒಂದು ಸಲಕ್ಕೆ ಒಂದೇ ಬುದ್ಧಿಮಾತಿಗೆ ಜಾಗ. ಹೊಸದು ಬಂದರೆ ಹಳೆಯದು ಎದ್ದು ಹೋಗುತ್ತಿತ್ತು.

ಇನ್ನು ಯಜಮಾನರು ಅಶ್ವತ್ಥಯ್ಯನವರು. ಮೆದು ಮನುಷ್ಯ. ಯಾರನ್ನೂ ಮುಖ ನೋಡಿ ಬೈಯಲಾರರು. ಬೈಯಲೇಬೇಕು ಅಂದರೆ ಕಂಪ್ಯೂಟರಿನಲ್ಲಿ ಒಂದು ಕಾಗದ ಬರೆದು, ಅಚ್ಚು ತೆಗೆದು, ರುಜು ಹಾಕಿ, ಅವರ ಮುಂದಿಟ್ಟು ಹಿಂದಿನ ಬಾಗಿಲಿಂದ ಹೊರಟುಬಿಡುವರು.

ಆ ಮುಂದಿನ ಕೋಣೆಯಲ್ಲಿ ಶುಭಕಾರ್ಯದ ಅಡುಗೆ ಪಟ್ಟಿ ಬರೆಯೋಳು ರೇವತಿ. ತಿಥಿ, ವೈಕುಂಠದ ಪಟ್ಟಿ ಬರೆಯೋರು ಶಾಮಭಟ್ಟರು. ಅವರವರ ಪಟ್ಟಿ ಅವರವರ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಒಂದು ದಿನ ರೇವತಿಯ ಕಂಪ್ಯೂಟರ್ ಕೈಕೊಟ್ಟಿತು, ಒಂದು ಮುಂಜಿಯ ಪಟ್ಟಿ ಪೂರಾ ಅದರ ಜೊತೆಗೇ ಹೋಯಿತು. ಅಶ್ವತ್ಥಯ್ಯನವರು ಹೆದರಿ ಹಾಸನದಿಂದ ಇಮ್ತಿಯಾಜ್ ಅನ್ನುವ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಅವನು ಒಂದು ದೊಡ್ಡ ಪೆಟ್ಟಿಗೆ ತಂದಿಟ್ಟು, ಇದು ಸರ್ವರ್ ಅಂದ.

"ಇನ್ಮೇಲೆ ಎಲ್ಲರ ಫೋಲ್ಡರೂ ಇದರಲ್ಲಿರುತ್ತೆ ಯಜಮಾನ್ರೇ. ಯಾರು ಯಾವ ಮೇಜಲ್ಲಿ ಕೂತ್ರೂ ಅವರ ಫೋಲ್ಡರ್ ಅವರಿಗೆ ಸಿಗುತ್ತೆ. ಮೇಜಿನ ಮೇಲಿಂದು ಸತ್ರೂ ಇದು ಬದುಕಿರುತ್ತೆ." ಕೆಲಸದವರ ಪಟ್ಟಿ ನೋಡಿಕೊಂಡು ಎಲ್ಲರಿಗೂ ಒಂದೊಂದು ಹೆಸರು, ಒಂದೊಂದು ಫೋಲ್ಡರ್ ಮಾಡಿಕೊಟ್ಟ. ಕಂಪ್ಯೂಟರ್ ಮುಟ್ಟದ ಕಮಲಾಕ್ಷಮ್ಮನಿಗೂ ಒಂದು ಮಾಡಿದ, ಖಾಲಿ. "ನೋಡಿಕೊಳ್ಳೋಕೆ ಒಬ್ಬ ಬೇಕು" ಅಂದ.

ಕಮಲಾಕ್ಷಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. "ನಮ್ಮ ವರದನ್ನ ಹಾಕ್ಕೊಳ್ಳಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ."

"ಕಂಪ್ಯೂಟರೂ ಅಷ್ಟೇ ಅಮ್ಮ, ಜೋಡಿ ಸರಿಹೋಗುತ್ತೆ!" ಅಂತ ಇಮ್ತಿಯಾಜ್ ನಕ್ಕ.

"ನಿಮ್ಮ ಮಾತಿನ ಮೇಲೆ ತಗೋತೀನಿ ಕಮಲಾಕ್ಷಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ..." ಅಂತ ಅಶ್ವತ್ಥಯ್ಯನವರು ಅಲ್ಲಿಗೇ ನಿಲ್ಲಿಸಿದರು. ಮಿಕ್ಕ ಮಾತು ಮಾರನೇ ದಿನ ಒಲೆಯ ಪಕ್ಕ ಕಾಗದದಲ್ಲಿತ್ತು: ಹೆಚ್ಚುಕಮ್ಮಿಯಾದರೆ ತಾಯಿ ಮಗ ಇಬ್ಬರೂ ಮನೆಗೆ.

ಕಮಲಾಕ್ಷಮ್ಮ ಓದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಅಡುಗೆಮನೆ ಬಿಟ್ಟರೆ ಆಕೆಗೆ ಬೇರೆ ಊರಿಲ್ಲ, ಬೇರೆ ಕೇರಿಯಿಲ್ಲ. ಆದರೂ ಮಗನ ಮೇಲೆ ಆಸೆ.

ಇಮ್ತಿಯಾಜ್ ಹೇಳಿದ್ದು ಇಷ್ಟು: "ಎಲ್ಲರ ಫೋಲ್ಡರೂ ಸರ್ವರಿಗೆ ಹೋಗೋ ಹಾಗೆ ಮಾಡಿಡು." ವರದ ಒಂದು ಸ್ಟೂಲು ಹಿಡಿದು ಹೊರಟ. ರೇವತಿಯ ಮೇಜು ಒಂದು ದಿನ. ಭಟ್ಟರ ಮೇಜು ಒಂದು ದಿನ. ಯಜಮಾನರದು ಒಂದು ದಿನ. ಒಂದೊಂದೇ ಕಂಪ್ಯೂಟರಿಗೆ ಕೈಯಾರೆ ಕೂತು ಹೇಳಿಕೊಟ್ಟ. ನಾಲ್ಕನೇ ದಿನ ರೇವತಿ ಫ್ಯಾನಿನ ಕೆಳಗಿದ್ದ ಇನ್ನೊಂದು ಮೇಜಿಗೆ ಹೋದಳು, ಅವಳ ಫೋಲ್ಡರೇ ಇಲ್ಲ! ಇಮ್ತಿಯಾಜ್ ಸ್ಕೂಟರ್ ಹತ್ತಿಕೊಂಡು ಬಂದು, ವರದ ಮಾಡಿದ್ದನ್ನೆಲ್ಲ ಅಳಿಸಿ ಮೊದಲಿದ್ದ ಹಾಗೆ ಮಾಡಿದ.

"ಏನ್ ಗುರೂ! ಮನೆಮನೆಗೂ ಹೋಗಿ ಕುಂಕುಮ ಕೊಟ್ಟ ಹಾಗೆ ಮಾಡಿದೀಯಲ್ಲ! ಇದಕ್ಕೇ ಗ್ರೂಪ್ ಪಾಲಿಸಿ ಅಂತ ಇರೋದು. ಒಂದು ಕಡೆ ಕೂತ್ಕೋ. ಒಂದು ನಿಯಮ ಬರಿ. ಎಲ್ಲರಿಗೂ ತಾನಾಗೇ ತಲುಪುತ್ತೆ. ನೀನು ಎದ್ದು ಓಡಾಡಲೇಬಾರದು!"

"ಓಡಾಡಲ್ಲ" ಅಂದ ವರದ.

ಆ ಗುರುವಾರ ಒಂದು ಗೃಹಪ್ರವೇಶ. ಬಡಿಸೋಕೆ ಜನ ಕಮ್ಮಿ. ಕಮಲಾಕ್ಷಮ್ಮ ಮಗನ ಕೈಗೆ ಸಾರಿನ ಬಕೆಟ್ ಕೊಟ್ಟು, "ಪಂಕ್ತಿಗೆ ಸಾರು ಬಿಡೋ" ಅಂದರು. ವರದ ಬಕೆಟ್ ತಗೊಂಡು ಪಂಕ್ತಿಯ ತಲೆಯ ಹತ್ತಿರ ಕುರ್ಚಿ ಹಾಕಿ ಕೂತ. ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ಬಕೆಟ್ಟಿಗೆ ಒರಗಿಸಿದ: ಎಲ್ಲರಿಗೂ ಒಂದೊಂದು ಸೌಟು ಸಾರು. ಆಮೇಲೆ ಕೈಕಟ್ಟಿ ಕೂತ.

ಜನ ಅನ್ನ ಕಲಸೋಕೆ ಕಾದರು. ಕಾದರು. "ಏನಪ್ಪಾ, ಸಾರು?" ಅಂದರು.

"ನಿಯಮ ಬರೆದಾಯ್ತು. ತಾನಾಗೇ ತಲುಪುತ್ತೆ" ಅಂದ ವರದ.

ಕಮಲಾಕ್ಷಮ್ಮ ಓಡಿಬಂದು ಬಕೆಟ್ ಕಿತ್ತುಕೊಂಡರು. ಮೂವತ್ತು ವರ್ಷದಲ್ಲಿ ಮೊದಲ ಸಲ ಆಕೆಯ ಪಂಕ್ತಿಯಲ್ಲಿ ಅನ್ನ ಆರಿತ್ತು. "ಅಯ್ಯೋ ನನ್ನ ಕರ್ಮವೇ! ಉಪಚಾರ ಅನ್ನೋದು ಗೊತ್ತೇನೋ ನಿಂಗೆ? ಒಬ್ಬೊಬ್ಬರ ಮುಂದೆ ಹೋಗಿ ನಿಂತ್ಕೋಬೇಕು, ಬೇಕಾ ಅಂತ ಕೇಳ್ಬೇಕು. ಬೇಕು ಅಂದ್ರೆ ಪೂರ್ತಿ ಹಾಕ್ಬೇಕು. ಬೇಡ ಬೇಡ ಅಂದ್ರೂ ಒಂದು ಚೂರು ಹಾಕ್ಲೇಬೇಕು!"

"ಚೂರು ಹಾಕ್ತೀನಿ" ಅಂದ ವರದ.

ಮಾರನೇ ದಿನ ಆಫೀಸಿಗೆ ಹೋಗಿ ಒಬ್ಬೊಬ್ಬರ ಮುಂದೆ ನಿಂತ. "ರೇವತಿಯವರೇ, ನಿಮ್ಮ ಫೋಲ್ಡರ್ ಸರ್ವರಿಗೆ ಕಳಿಸ್ಲಾ? ಬೇಕಾ?"

"ಬೇಕು ಬೇಕು!" ಅಂದಳು ರೇವತಿ. ಪೂರ್ತಿ ಕಳಿಸಿದ.

"ಭಟ್ಟರೇ, ನಿಮಗೆ?"

"ನಂಗೆ ಬೇಡಪ್ಪ. ನನ್ನ ಪಾಡಿಗೆ ನನ್ನ ಬಿಡು."

"ಒಂದು ಚೂರು?"

"ಬೇಡವೋ ಮಾರಾಯ!"

ವರದ ಉಪಚಾರ ಬಿಡಲಿಲ್ಲ. ಒಂದು ಚೂರು ಹಾಕಿದ. ಅಂದರೆ ಭಟ್ಟರ ಕಾಗದಗಳಲ್ಲಿ ಅರ್ಧ ಸರ್ವರಿಗೆ ಹೋಯಿತು, ಅರ್ಧ ಮೇಜಲ್ಲೇ ಉಳಿಯಿತು. ಅಡುಗೆಯ ಪಟ್ಟಿ ಸರ್ವರಿನಲ್ಲಿ, ಯಾರ ಮನೆ ಅನ್ನೋದು ಮೇಜಿನಲ್ಲಿ. ಅಡುಗೆಮನೆಗೆ ಬಂದದ್ದು ಬರೀ ಅಡುಗೆ ಪಟ್ಟಿ. ಭಟ್ಟರೋ, ತಿಥಿಯ ದಿನ ಮೈಸೂರಿಗೆ ಹೋಗಿದ್ದರು, ಫೋನೂ ಎತ್ತಲಿಲ್ಲ. ವಡೆ ಕರಿದಾಯಿತು, ಎಳ್ಳುಂಡೆ ಕಟ್ಟಿದ್ದಾಯಿತು, ವ್ಯಾನಿಗೆ ಏರಿಸಿದ್ದಾಯಿತು. ಯಾರ ಮನೆಗೆ? ಯಾರಿಗೂ ಗೊತ್ತಿಲ್ಲ. ವ್ಯಾನಿನವನು ಕೋಟೆ ಬೀದಿಯಲ್ಲಿ ಮನೆಮನೆಯ ಮುಂದೆ ನಿಲ್ಲಿಸಿ ಕೇಳುತ್ತಾ ಹೋದ: "ಅಮ್ಮಾ, ಇವತ್ತು ನಿಮ್ಮನೇಲಿ ತಿಥಿನಾ?" ಮೂರನೇ ಮನೆಯಲ್ಲಿ ಬಾಣಂತಿಗೆ ಎಣ್ಣೆ ನೀರು ನಡೆಯುತ್ತಿತ್ತು. ಆ ಮನೆಯ ಅಜ್ಜಿ ಪೊರಕೆ ಹಿಡಿದು ವ್ಯಾನಿನ ಹಿಂದೆ ಬಸ್‌ಸ್ಟ್ಯಾಂಡಿನವರೆಗೂ ಬಂದರಂತೆ. ತಿಥಿಯ ಮನೆ ಸಿಕ್ಕುವ ಹೊತ್ತಿಗೆ ಪುರೋಹಿತರು ಹಸಿದು ಎರಡು ಸಲ ಎದ್ದು ಕೂತಿದ್ದರು.

ಅವತ್ತು ಸಂಜೆ ಒಲೆಯ ಪಕ್ಕ ಎರಡನೇ ಕಾಗದ ಬಂತು: ಇನ್ನೊಂದು ಸಲ ಹೀಗಾದರೆ ಅದೇ ಕೊನೆ.

ಇಮ್ತಿಯಾಜ್ ಫೋನಿನಲ್ಲೇ ಕೂಗಾಡಿದ. "ಬೇಕಾ ಬೇಡ್ವಾ ಅಂತ ಕೇಳೋಕೆ ಇದೇನು ಹೋಳಿಗೆನಾ? ಸರಿಯಾಗಿ ಕೇಳಿಸ್ಕೋ. ಹೊಸದು ಏನೇ ಇರ್ಲಿ, ಮೊದಲು ಒಬ್ಬರಿಗೆ ಮಾತ್ರ ಹಾಕು. ಒಂದು ದಿನ ಕಾಯಿ. ಅವರಿಗೆ ಏನೂ ಆಗ್ಲಿಲ್ಲ ಅಂದ್ರೆ ಆಮೇಲೆ ಮಿಕ್ಕೋರಿಗೆ ಹಾಕು!"

"ಒಬ್ಬರಿಗೆ ಹಾಕಿ ಕಾಯ್ತೀನಿ" ಅಂದ ವರದ.

ಕಾಯ್ದ. ಎಲ್ಲಿ ಅಂದರೆ ನಾಮಕರಣದ ಊಟದಲ್ಲಿ. ಇನ್ನೂರು ಎಲೆ ಹಾಕಿದೆ, ಇನ್ನೂರು ಜನ ಕೂತಿದ್ದಾರೆ. ವರದ ಮೊದಲನೇ ಎಲೆಗೆ ಅನ್ನ ಹಾಕಿದ, ತೊವ್ವೆ ಹಾಕಿದ, ತುಪ್ಪ ಬಿಟ್ಟ. ಆ ಎಲೆಯವರು ರಿಟೈರಾದ ಒಬ್ಬ ಮೇಷ್ಟ್ರು. ವರದ ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂತು ಅವರ ಮುಖವನ್ನೇ ನೋಡಿದ.

"ಊಟ ಮಾಡಿ ಮೇಷ್ಟ್ರೇ."

ಮೇಷ್ಟ್ರು ಒಂದು ತುತ್ತು ತಿಂದರು.

"ಏನಾದ್ರೂ ಆಯ್ತಾ?"

"ಏನಾಗ್ಬೇಕಿತ್ತಪ್ಪಾ?" ಅಂದರು ಮೇಷ್ಟ್ರು, ಎರಡನೇ ತುತ್ತು ಕೈಯಲ್ಲೇ ನಿಂತಿತು.

"ಹೊಟ್ಟೆ ಸರಿಯಾಗಿದೆಯಾ? ತಲೆ ಸುತ್ತುತ್ತಾ?" ಆಮೇಲೆ ವರದ ಎದ್ದು ಪಂಕ್ತಿಯ ಕಡೆ ತಿರುಗಿದ. "ನೀವೆಲ್ಲ ನಾಳೆ ಬನ್ನಿ. ಇವರಿಗೆ ಏನೂ ಆಗ್ಲಿಲ್ಲ ಅಂದ್ರೆ ನಿಮಗೂ ಹಾಕ್ತೀನಿ."

ಇನ್ನೂರು ಜನ ಒಟ್ಟಿಗೆ ಎಲೆ ಬಿಟ್ಟು ಏಳುವುದನ್ನು ನೀವು ನೋಡಿಲ್ಲ. ಕಮಲಾಕ್ಷಮ್ಮ ಅವತ್ತು ನೋಡಿದರು. ಕೈಮುಗಿದು, ಕಾಲು ಹಿಡಿಯುವುದೊಂದು ಬಾಕಿ, ತಾವೇ ಒಂದು ತುತ್ತು ಎಲ್ಲರೆದುರು ತಿಂದು ತೋರಿಸಿ ಕೂರಿಸಿದರು. ಆಮೇಲೆ ಮಗನ ಕಿವಿ ಹಿಡಿದು ಉಗ್ರಾಣಕ್ಕೆ ಕರೆದೊಯ್ದರು.

"ಪಂಕ್ತಿಭೇದ ಮಾಡ್ತೀಯೇನೋ? ಪಂಕ್ತಿಭೇದ! ಅದಕ್ಕಿಂತ ದೊಡ್ಡ ಪಾಪ ಇದೆಯೇನೋ ಅಡುಗೆಯವರಿಗೆ? ಒಂದೇ ಸಾಲಲ್ಲಿ ಕೂತ ಮೇಲೆ ಅವರು ಇವರು ಅಂತಿಲ್ಲ. ದೊಡ್ಡೋರೂ ಒಂದೇ ಚಿಕ್ಕೋರೂ ಒಂದೇ. ಒಬ್ಬರಿಗೆ ಏನೋ ಅದೇ ಎಲ್ಲರಿಗೂ, ಒಂದೇ ಪಾತ್ರೆಯಿಂದ!"

"ಭೇದ ಮಾಡಲ್ಲ" ಅಂದ ವರದ. ಪಾಪದ ಮಾತು ಅವನಿಗೆ ಚೆನ್ನಾಗಿ ತಟ್ಟಿತ್ತು.

ತಟ್ಟಿದ್ದು ಎಲ್ಲಿಗೆ ಹೋಯಿತು ನೋಡಿ. ಸರ್ವರಿನ ಮುಂದೆ ಕೂತ. ರೇವತಿಗೆ ಬೇರೆ ಫೋಲ್ಡರ್, ಭಟ್ಟರಿಗೆ ಬೇರೆ ಫೋಲ್ಡರ್, ಯಜಮಾನರಿಗೆ ಬೇರೆ. ಛೆ ಛೆ, ಎಂಥಾ ಭೇದ! ಒಂದು ನಿಯಮ ಬರೆದ. ಎಲ್ಲರ ಕಾಗದವೂ ಒಂದೇ ಫೋಲ್ಡರಿಗೆ, ಒಂದೇ ಪಾತ್ರೆಗೆ.

ರೇವತಿ ತನ್ನ ಪಟ್ಟಿಗಳಿಗೆ ವಾರದ ಹೆಸರಿಡುತ್ತಿದ್ದಳು. ಭಟ್ಟರೂ ವಾರದ ಹೆಸರೇ ಇಡುತ್ತಿದ್ದರು. ಬೇರೆಬೇರೆ ಫೋಲ್ಡರ್ ಇದ್ದಾಗ ಏನೂ ಅಡ್ಡಿಯಿರಲಿಲ್ಲ. ಈಗ ಗುರುವಾರ ರೇವತಿ ದೊಡ್ಡಮನೆಯವರ ಮದುವೆಯ ಪಟ್ಟಿ ಬರೆದು 'ಭಾನುವಾರ' ಅಂತ ಇಟ್ಟಳು. ಶುಕ್ರವಾರ ಭಟ್ಟರು ಒಂದು ತಿಥಿಯ ಪಟ್ಟಿ ಬರೆದು 'ಭಾನುವಾರ' ಅಂತ ಇಡಲು ಹೋದರು. ಈ ಹೆಸರಿನದು ಆಗಲೇ ಇದೆ, ಅದರ ಮೇಲೆಯೇ ಬರೆಯಲೇ ಅಂತ ಕಂಪ್ಯೂಟರ್ ಕೇಳಿತು. ಎಷ್ಟು ವಿನಯ ಇದಕ್ಕೆ ಅಂದುಕೊಂಡು ಭಟ್ಟರು ಹೂಂ ಅಂದರು.

ಶನಿವಾರ ಮಧ್ಯಾಹ್ನ ಮದುವೆಯ ಪಟ್ಟಿ ಕಮಲಾಕ್ಷಮ್ಮನ ಕೈಗೆ ಬಂತು. ಬಾಳೆಕಾಯಿ ಪಲ್ಯ. ಹಾಗಲಕಾಯಿ ಗೊಜ್ಜು. ವಡೆ. ಎಳ್ಳುಂಡೆ. ಆಕೆ ಕನ್ನಡಕ ಒರೆಸಿ ಮತ್ತೆ ಓದಿದರು. ಎಳ್ಳುಂಡೆ! ಸಾವಿರದ ಇನ್ನೂರು ಜನದ ಮದುವೆಗೆ!

ಬೇರೆ ಯಾರಾದರೂ ಆಗಿದ್ದರೆ ಕೂತು ಅಳುತ್ತಿದ್ದರು. ಕಮಲಾಕ್ಷಮ್ಮ ಆ ಕಾಗದ ಒಲೆಗೆ ಹಾಕಿದರು. ದೊಡ್ಡಮನೆಯ ಹಿಂದಿನ ಮದುವೆಯೂ ಆಕೆಯದೇ ಅಡುಗೆ, ಅದರ ಹಿಂದಿನದೂ ಆಕೆಯದೇ. ಹುರುಳಿಕಾಯಿ ತರಿಸಿದರು, ಮಜ್ಜಿಗೆಹುಳಿಗೆ ಕುಂಬಳಕಾಯಿ ಹೆಚ್ಚಿಸಿದರು, ಹೂರಣ ರುಬ್ಬಿಸಿದರು. ಭಾನುವಾರ ಹನ್ನೊಂದಕ್ಕೆ ಹೋಳಿಗೆ, ಚಿರೋಟಿ, ಬಾದಾಮಿ ಹಾಲು ಎಲ್ಲ ಸಿದ್ಧ. ಬದುಕಿದೆ ಅಂದುಕೊಂಡರು.

ಬದುಕಲಿಲ್ಲ. ಊಟದ ಮನೆಯ ಬಾಗಿಲಿಗೆ ಹೂವಿನ ಚಿತ್ತಾರದ ಒಂದು ಬೋರ್ಡು ಇಡುವ ಪದ್ಧತಿ, ಇಂದಿನ ಭೋಜನ ಅಂತ. ಅದು ಶನಿವಾರವೇ ಆ 'ಭಾನುವಾರ'ದಿಂದ ಅಚ್ಚಾಗಿ, ನೇರವಾಗಿ ಬಾಗಿಲಿಗೆ ಹೋಗಿ ನಿಂತಿತ್ತು. ಗಂಡಿನ ಅಜ್ಜನಿಗೆ ಎಂಬತ್ತೇಳು ವರ್ಷ. ಕೋಲೂರಿಕೊಂಡು ಬಂದು ಬೋರ್ಡಿನ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಎಳ್ಳುಂಡೆಯವರೆಗೂ ಓದಿ ತಲೆ ಎತ್ತಿದರು.

"ಯಾರ ತಿಥಿಯಯ್ಯಾ ಇದು? ನಂದಾ? ನಾನಿನ್ನೂ ಇದ್ದೀನಲ್ಲಯ್ಯಾ!"

ಕಮಲಾಕ್ಷಮ್ಮ ಬೋರ್ಡನ್ನು ಸೆರಗಲ್ಲಿ ಮುಚ್ಚಿ, ಅಜ್ಜನ ಕೈಹಿಡಿದು ಕರೆದೊಯ್ದು, ತಾವೇ ಹೋಳಿಗೆ ಬಡಿಸಿ ತುಪ್ಪ ಸುರಿದರು. ಅಜ್ಜ ನಾಲ್ಕು ಹೋಳಿಗೆ ತಿಂದು, "ನನ್ನ ತಿಥಿಗೂ ನೀವೇ ಬನ್ನಿ" ಅಂತ ಹರಸಿದರು. ಆದರೆ ಸಾವಿರ ಬಾಯಿಗೆ ಸೆರಗು ಮುಚ್ಚೋಕಾಗುತ್ತಾ? ಸುದ್ದಿ ಅಶ್ವತ್ಥಯ್ಯನವರಿಗೆ ಮುಟ್ಟಿತು. ಅವರು ಒಂದೂ ಮಾತಾಡದೆ ಆಫೀಸಿಗೆ ಹೋದರು. ಮಾತಾಡದೆ ಹೋದರು ಅಂದರೆ ಕಾಗದ ಬರೆಯೋಕೇ ಅಂತ ಕಮಲಾಕ್ಷಮ್ಮನಿಗೆ ಗೊತ್ತಾಯಿತು.

ಸಾಯಂಕಾಲ ಪಾತ್ರೆಗಳ ನಡುವೆ ಕೂತ ಆಕೆಗೆ ಅಳು ಬಂತು. ವರದ ಬಂದು ಎದುರಿಗೆ ಕೂತ. "ಅಮ್ಮ, ಭೇದ ಮಾಡಿಲ್ಲ ಅಮ್ಮ, ಸತ್ಯವಾಗ್ಲೂ" ಅಂದ.

ಬೈಯೋಕೂ ಆಗಲಿಲ್ಲ ಆಕೆಗೆ. ಮಗ ಸುಳ್ಳು ಹೇಳುತ್ತಿಲ್ಲ. ಅವನು ಮಾಡಿದ್ದರಲ್ಲಿ ಒಂದೂ ತನ್ನ ಮನಸ್ಸಿನದಲ್ಲ, ಎಲ್ಲ ಇನ್ನೊಬ್ಬರು ಹೇಳಿದ್ದೇ, ಅರ್ಧ ತಾನೇ ಹೇಳಿದ್ದು. ಆ ನೋವಿಗೇ ಆಕೆಯ ದನಿ ಏರಿತು. "ಸಾಕು ಕಣೋ, ಸಾಕು! ಇನ್ಮೇಲೆ ಯಾರು ಏನೇ ಹೇಳ್ಲಿ, ಮೊದಲು ನನ್ನ ಕೇಳ್ಬೇಕು. ನನ್ನ ಅಪ್ಪಣೆ ಇಲ್ದೆ ಆ ಆಫೀಸಲ್ಲಿ ಒಂದು ಹುಲ್ಲುಕಡ್ಡಿನೂ ಅಲ್ಲಾಡಬಾರದು!"

"ಅಲ್ಲಾಡಲ್ಲ" ಅಂದ ವರದ.

ಸೋಮವಾರ ಬೆಳಿಗ್ಗೆ, ಹಾಳಾದದ್ದನ್ನ ಸರಿಮಾಡ್ಲಾ ಅಂತ ಅಮ್ಮನನ್ನು ಕೇಳಿಕೊಂಡೇ, ಎಲ್ಲರಿಗಿಂತ ಮೊದಲೇ ಹೋದ. ಹಾಳಾದ ಒಂದೇ ಪಾತ್ರೆಯ ನಿಯಮ ಕಿತ್ತುಹಾಕಿ, ಅವರವರ ಫೋಲ್ಡರ್ ಅವರವರಿಗೆ ಬೇರೆ ಮಾಡಿದ. ಒಂದು ಕಡೆ ಕೂತೇ ಮಾಡಿದ. ಯಾರನ್ನೂ ಬೇಕಾ ಅಂತ ಕೇಳಲಿಲ್ಲ. ಮೊದಲು ರೇವತಿಯ ಫೋಲ್ಡರಿಗೆ ಮಾತ್ರ ಹಾಕಿ ನೋಡಿ, ಆಮೇಲೆ ಎಲ್ಲರಿಗೂ ಹಾಕಿದ. ಜನ್ಮದಲ್ಲಿ ಮೊದಲ ಸಲ ಹಳೆಯ ಮಾತು ಎದ್ದು ಹೋಗಿರಲಿಲ್ಲ, ಇಮ್ತಿಯಾಜ್ ಹೇಳಿದ್ದೆಲ್ಲ ಸರಿಯಾದ ಜಾಗಕ್ಕೆ ಬಿದ್ದಿತ್ತು. ಕೊನೆಗೆ ಅಮ್ಮ ಹೇಳಿದ್ದನ್ನೂ ಸೇರಿಸಿದ.

ಅಶ್ವತ್ಥಯ್ಯನವರು ಒಂಬತ್ತಕ್ಕೆ ಬಂದರು. ಕಾಗದ ನಿನ್ನೆಯೇ ಬರೆದಿಟ್ಟಿದ್ದರು, ಕರೆಂಟ್ ಹೋಗಿ ಅಚ್ಚು ತೆಗೆಯುವುದು ಉಳಿದಿತ್ತು. ಕಂಪ್ಯೂಟರ್ ಹಾಕಿದರು. ಪರದೆಯ ಮೇಲೆ ದೊಡ್ಡದಾಗಿ ಬಂತು:

ಕಮಲಾಕ್ಷಮ್ಮನವರ ಅಪ್ಪಣೆ ಇಲ್ಲದೆ ಯಾವ ಕಾಗದವನ್ನೂ ತೆರೆಯುವಂತಿಲ್ಲ. ಅಡುಗೆಮನೆಗೆ ಹೋಗಿ ಕೇಳಿ.

ಫೋಲ್ಡರ್ ಒತ್ತಿದರು. ಅಪ್ಪಣೆ ಇಲ್ಲ. ಪಕ್ಕದ ಮೇಜಿಗೆ ಹೋದರು. ಅಲ್ಲೂ ಇಲ್ಲ. ಇಮ್ತಿಯಾಜಿಗೆ ಫೋನ್ ಮಾಡಿದರು. ಅವನು ಎಲ್ಲ ಕೇಳಿಸಿಕೊಂಡು ಆ ಕಡೆಯಿಂದ ತುಂಬ ಹೊತ್ತು ನಕ್ಕ. "ಎಲ್ಲಾ ಫೋಲ್ಡರಿನ ಪರ್ಮಿಷನ್ನೂ ಆಯಮ್ಮನ ಹೆಸರಿಗೆ ಬರೆದುಬಿಟ್ಟಿದ್ದಾನೆ ಯಜಮಾನ್ರೇ. ಇಷ್ಟು ಅಚ್ಚುಕಟ್ಟಾಗಿ ನಾನೂ ಮಾಡ್ತಿರ್ಲಿಲ್ಲ! ನಾನು ಬರೋದು ಗುರುವಾರ. ಅಲ್ಲೀವರೆಗೂ ಆಯಮ್ಮನ್ನೇ ಕೇಳಿ."

ಅಡುಗೆಮನೆಯ ಬಾಗಿಲಲ್ಲಿ ಆಗಲೇ ಸಾಲು ನಿಂತಿತ್ತು. ಅಮ್ಮ ಹೂಂ ಅಂದದ್ದನ್ನು ಬರೆದುಕೊಂಡು ಆ ಕಾಗದವನ್ನಷ್ಟೇ ತೆರೆದುಕೊಡೋಕೆ ವರದ ಒಂದು ಪುಸ್ತಕ ಹಿಡಿದು ಪಕ್ಕದಲ್ಲಿದ್ದ.

"ಅಮ್ಮ, ಮುಂಜಿಯ ಪಟ್ಟಿ ತೆಗೀಲಾ?" ಅಂದಳು ರೇವತಿ.

ಕಮಲಾಕ್ಷಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ತೆಗಿಯಮ್ಮ. ನನ್ನ ಯಾಕೆ ಕೇಳ್ತೀಯ? ಎಷ್ಟು ಜನಕ್ಕೆ? ಇನ್ನೂರಕ್ಕಾ? ಮೊಸರು ಎಷ್ಟು ಬರೆದಿದೀಯ?" ರೇವತಿ ನಾಲಿಗೆ ಕಚ್ಚಿಕೊಂಡಳು. ಮೊಸರು ಬರೆದೇ ಇರಲಿಲ್ಲ. ಭಟ್ಟರ ಪಟ್ಟಿಯಲ್ಲಿ ಮನೆಯ ಹೆಸರಿತ್ತು, ಬೀದಿ ಇರಲಿಲ್ಲ. ಅದೂ ಸರಿಹೋಯಿತು. ಅಡುಗೆ ಮಾಡುವವರು ನೋಡದೆ ಒಂದು ಪಟ್ಟಿಯೂ ಅವತ್ತು ಆಚೆ ಹೋಗಲಿಲ್ಲ. ಸಾಲಿನ ಕೊನೆಯಲ್ಲಿ ನಿಂತಿದ್ದವರು ಅದನ್ನೆಲ್ಲ ನೋಡುತ್ತಿದ್ದರು. ಅವರು ಅಶ್ವತ್ಥಯ್ಯನವರು.

"ಅಯ್ಯೋ, ನೀವೂ ಸಾಲಲ್ಲಿ ನಿಂತಿದ್ದೀರಾ ಯಜಮಾನ್ರೇ!"

"ಒಂದು... ಒಂದು ಕಾಗದ ತೆಗೀಬೇಕಿತ್ತು ಕಮಲಾಕ್ಷಮ್ಮ."

"ಏನು ಕಾಗದ?"

ಅಶ್ವತ್ಥಯ್ಯನವರು ಒಲೆ ನೋಡಿದರು, ಸೂರು ನೋಡಿದರು, ಹಿಂದಿನ ಬಾಗಿಲು ಎಲ್ಲಿದೆ ಅಂತ ನೋಡಿದರು. ವರದ ಪುಸ್ತಕ ತಿರುವಿ ತಾನೇ ಹೇಳಿದ.

"ನಮ್ಮಿಬ್ಬರನ್ನೂ ಕೆಲಸದಿಂದ ತೆಗೆಯೋ ಕಾಗದ ಅಮ್ಮ. ನಾನು ಓದಿದೆ. ಚೆನ್ನಾಗಿ ಬರೆದಿದ್ದಾರೆ. ಅಪ್ಪಣೆ ಕೊಡ್ತೀಯಾ?"

ಕಮಲಾಕ್ಷಮ್ಮ ಮಗನನ್ನು ನೋಡಿದರು. ಆಮೇಲೆ ಸೌಟು ಪಕ್ಕಕ್ಕಿಟ್ಟು, ಯಜಮಾನರ ಮುಖವನ್ನು ನೇರವಾಗಿ ನೋಡಿದರು.

"ಕೊಡಲ್ಲ" ಅಂದರು.

"ಕೊಡಲ್ವಂತೆ ಯಜಮಾನ್ರೇ" ಅಂದ ವರದ, ಪುಸ್ತಕದಲ್ಲಿ ಹಾಗೇ ಬರೆದುಕೊಂಡ.

ಅಶ್ವತ್ಥಯ್ಯನವರ ಹೊಟ್ಟೆ ಮೊದಲು ಅಲ್ಲಾಡಿತು, ಆಮೇಲೆ ಭುಜ, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಣೆ ಎಳೆದುಕೊಂಡು ಅಲ್ಲೇ ಕೂತು, "ಹೋಗ್ಲಿ, ಒಂದು ಲೋಟ ಕಾಫಿಗಾದ್ರೂ ಅಪ್ಪಣೆ ಇದೆಯಾ?" ಅಂದರು.

ವರದ ಅಮ್ಮನ ಮುಖ ನೋಡಿದ. ಆಕೆ ಹೂಂ ಅಂದ ಮೇಲೆ ಕೊಟ್ಟ.

ಗುರುವಾರ ಇಮ್ತಿಯಾಜ್ ಬಂದ. ಸರಿಮಾಡೋಕೆ ಅವನೂ ಅಪ್ಪಣೆ ಕೇಳಿದ, ಸಿಗಲಿಲ್ಲ. ಕೆಲಸದಿಂದ ತೆಗೆಯೋ ಆ ಕಾಗದ ಇವತ್ತಿಗೂ ಆ ಸರ್ವರಿನೊಳಗೆ ಬೆಚ್ಚಗೆ ಕೂತಿದೆಯಂತೆ. ಅಶ್ವತ್ಥಯ್ಯನವರು ವರ್ಷಕ್ಕೊಂದು ಸಲ ಕೇಳ್ತಾರೆ. ಕಮಲಾಕ್ಷಮ್ಮ ಇನ್ನೂ ಅಪ್ಪಣೆ ಕೊಟ್ಟಿಲ್ಲ.